ಹಳದಿ ದೀಪದ ಹಿಂದಿನ ಕಥೆ

ಆ ದೀಪ ಮೊದಲ ಸಲ ಹತ್ತಿದ್ದು ಬೀದರ್ ದಾಟಿ ಭಾಲ್ಕಿ ಕಡೆ ತಿರುಗಿದ ಮೇಲೆ. ಜುಲೈ ತಿಂಗಳು, ಸೋಮವಾರ ಸಂಜೆ, ಎಡೆಬಿಡದೆ ಮಳೆ. ಸ್ಪೀಡೋಮೀಟರ್ ಪಕ್ಕದಲ್ಲಿ ಒಂದು ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದ ಹಾಗೆ ಎರಡು ಗೆರೆ. ಹಳದಿ ಬಣ್ಣ. ಅದರ ಬೆನ್ನಿಗೇ ‘ಎಬಿಎಸ್’ ಅಂತ ಇನ್ನೊಂದು ಹಳದಿ ದೀಪ. ಕಾರು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಓಡ್ತಾನೇ ಇತ್ತು. ಬ್ರೇಕ್ ಒತ್ತಿ ನೋಡಿದೆ, ಹಿಡೀತು. ಸ್ಟೀರಿಂಗ್ ಸರಿಯಾಗಿತ್ತು. ಆದರೂ ಹಲಬರ್ಗಾ ಮುಟ್ಟುವವರೆಗೆ ನನ್ನ ಕಣ್ಣು ರಸ್ತೆಗಿಂತ ಹೆಚ್ಚು ಆ ದೀಪದ ಮೇಲೇ ಇತ್ತು.

ಈ ಕಾರನ್ನ ನಾನು ಹೈದರಾಬಾದಿನಲ್ಲಿ ಕೊಂಡು ಆಗಿದ್ದು ಎಂಟು ದಿನ. 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್. ನನ್ನ ಓಡಾಟಕ್ಕಲ್ಲ. ನಾನು ಮೆಟ್ರೋದಲ್ಲಿ ಆಫೀಸಿಗೆ ಹೋಗೋ ಮನುಷ್ಯ. ಇದು ಊರಲ್ಲಿ ಅಮ್ಮನಿಗೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅವಳನ್ನ ಡಯಾಲಿಸಿಸ್‌ಗೆ ಬೀದರಿಗೆ ಕರೆದುಕೊಂಡು ಹೋಗಬೇಕು. ಆರು ತಿಂಗಳು ಬಸ್ಸು, ಟಂಟಂ, ಯಾರದೋ ಬೈಕು ಅಂತ ತಮ್ಮ ಹೇಗೋ ನಿಭಾಯಿಸಿದ್ದ. ಡಯಾಲಿಸಿಸ್ ಮುಗಿಸಿ ಬಂದವರು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿರೋದನ್ನ ನೀವು ನೋಡಿದ್ದರೆ, ನಾನು ಯಾಕೆ ಸಾಲ ಮಾಡಿ ಕಾರು ಕೊಂಡೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. (ಟಿಎಸ್ ನಂಬರ್ ಪ್ಲೇಟನ್ನ ಕೆಎ-39 ಮಾಡಿಸೋ ಪುರಾಣ ಬೇರೆ ಇದೆ, ಅದು ಇನ್ನೊಂದು ಲೇಖನ.)

ಅಂದರೆ ಆ ರಾತ್ರಿ ನನ್ನ ಮುಂದೆ ಇದ್ದ ಪ್ರಶ್ನೆ ಸರಳ. ಬೆಳಗ್ಗೆ ಏಳಕ್ಕೆ ಈ ಕಾರಲ್ಲಿ ಅಮ್ಮನನ್ನ ಕೂರಿಸಬಹುದಾ, ಬೇಡವಾ?

ಮೊದಲು ಮಾರಿದವರಿಗೆ ಫೋನ್ ಮಾಡಿದೆ. “ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿ ಹಾಕಿ ಸರ್, ಹೋಗ್ತದೆ” ಅಂದ್ರು. ಬಿಚ್ಚಿ ಹಾಕಿದೆ. ಹೋಯ್ತು! ಖುಷಿಯಲ್ಲಿ ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಮತ್ತೆ ಹತ್ತಿತ್ತು. ಹೈದರಾಬಾದಿನ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದರೆ, ಗಾಡಿ ನೋಡದೇನೇ “ಎಬಿಎಸ್ ಮಾಡ್ಯೂಲ್ ಹೋಗಿರಬೇಕು, ಮೂವತ್ತೈದು ಸಾವಿರ ಇಟ್ಕೊಳ್ಳಿ” ಅಂದ್ರು. ನನ್ನ ಹತ್ತಿರ ಬ್ಯಾಗಲ್ಲಿ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ಇತ್ತು, ಆನ್‌ಲೈನಲ್ಲಿ ತರಿಸಿದ್ದು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿನಲ್ಲಿ ನೋಡಿದೆ. ಅದು ಹಸಿರು ಅಕ್ಷರದಲ್ಲಿ ಹೇಳಿತು: ಯಾವ ದೋಷವೂ ಇಲ್ಲ.

ಮುಂದೆ ಎರಡು ದೀಪ ಉರೀತಿವೆ, ಮೊಬೈಲು ದೋಷವಿಲ್ಲ ಅಂತಿದೆ. ಸಾಫ್ಟ್‌ವೇರ್ ಟೆಸ್ಟಿಂಗಲ್ಲಿ ಒಂಬತ್ತು ವರ್ಷ ಕಳೆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. ಈ ದೀಪ ಎಲ್ಲಿಂದ ಬಂತು, ಯಾಕೆ ಬಂತು ಅಂತ ಹುಡುಕುತ್ತಾ ಹೋದರೆ ಕಥೆ ವಿಮಾನ, ಲಾರಿ, ಕ್ಯಾಲಿಫೋರ್ನಿಯಾದ ಹೊಗೆ, ಸ್ವೀಡನ್ನಿನ ಚರಂಡಿ ಎಲ್ಲ ಸುತ್ತಿ ಬಂತು.

ಆದರೆ ಕಥೆ ಶುರು ಮಾಡಬೇಕಾದದ್ದು ನಮ್ಮ ಮಣ್ಣಿನಿಂದ. ಬೀದರ್ ಊರು ಕೂತಿರೋದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕಂದಕವನ್ನೂ ಅದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿಂದ ಭಾಲ್ಕಿ, ಔರಾದ ಕಡೆ ಇಳಿದರೆ ಎರೆಮಣ್ಣು. ತೊಗರಿ, ಉದ್ದು, ಜೋಳ, ಸೋಯಾಕ್ಕೆ ಬಂಗಾರದಂಥ ನೆಲ. ಚಕ್ರಕ್ಕೆ ಮಾತ್ರ ಶತ್ರು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು, ಮಳೆಗಾಲದಲ್ಲಿ ಸಾಬೂನು. ನಿಜಾಮನ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಬಸ್ಸು, 166 ನೌಕರರೊಂದಿಗೆ ಶುರುವಾಯಿತು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆ ಕಾಲದ ಬಸ್ಸುಗಳ ಬಗ್ಗೆ ನಮ್ಮ ಅಜ್ಜ ಹೇಳುತ್ತಿದ್ದದ್ದು ಒಂದೇ ಮಾತು: “ಟಿಕೀಟ್ ತಗೊಂಡು ಹತ್ತೂದು, ಮಳಿ ಬಂದ್ರ ಇಳ್ದು ದಬ್ಬೂದು.” ಚಕ್ರದ ಕೆಳಗೆ ಗೋಣಿಚೀಲ, ಜೋಳದ ದಂಟು, ಕಲ್ಲು. ನಮ್ಮ ಕಡೆಯ ಮೊದಲ ಟ್ರಾಕ್ಷನ್ ಕಂಟ್ರೋಲ್ ಅದು.

ಕೆಸರಲ್ಲಿ ಸಿಕ್ಕಿಕೊಂಡ ಗಾಡಿಯನ್ನ ನೀವು ಗಮನಿಸಿದ್ದರೆ, ಒಂದು ಚಕ್ರ ಮಾತ್ರ ಗಿರಗಿರ ತಿರುಗುತ್ತಿರುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ಇದಕ್ಕೆ ಕಾರಣ ಡಿಫರೆನ್ಷಿಯಲ್ ಅನ್ನೋ ಗೇರ್ ವ್ಯವಸ್ಥೆ. ಫ್ರಾನ್ಸಿನ ಒನೆಸಿಫೋರ್ ಪೆಕರ್ ಇದಕ್ಕೆ 1827ರಲ್ಲೇ ಪೇಟೆಂಟ್ ತಗೊಂಡಿದ್ದ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗೋ ಸ್ವಾತಂತ್ರ್ಯ ಕೊಡೋದು ಇದರ ಕೆಲಸ. ಆದರೆ ಇದು ಎರಡೂ ಕಡೆಗೆ ಸಮನಾದ ಬಲವನ್ನೇ ಹಂಚುತ್ತೆ. ಕೆಸರಲ್ಲಿರೋ ಚಕ್ರಕ್ಕೆ ಹಿಡಿತವೇ ಇಲ್ಲ, ಹಾಗಾಗಿ ಅದು ತಗೊಳ್ಳೋ ಬಲ ಅತಿ ಕಡಿಮೆ. ಗಟ್ಟಿ ನೆಲದ ಮೇಲಿರೋ ಚಕ್ರಕ್ಕೂ ಅಷ್ಟೇ ಸಿಗುತ್ತೆ. ಮನೆಯಲ್ಲಿ ಸೋಮಾರಿ ಮಗನಿಗೆ ಎಷ್ಟು ಕೂಲಿ ಸಿಗುತ್ತೋ ದುಡಿಯೋ ಮಗನಿಗೂ ಅಷ್ಟೇ ಅನ್ನೋ ಲೆಕ್ಕ. ಟ್ರಾಕ್ಷನ್ ಕಂಟ್ರೋಲ್ ಮಾಡೋದು ಏನಪ್ಪಾ ಅಂದ್ರೆ, ಜಾರಿ ತಿರುಗುತ್ತಿರೋ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕುತ್ತೆ. ಬ್ರೇಕಿನ ವಿರುದ್ಧ ಬಲ ಏರುತ್ತೆ, ಆಗ ಇನ್ನೊಂದು ಚಕ್ರಕ್ಕೂ ಬಲ ಹೋಗುತ್ತೆ. ಜೊತೆಗೆ ಎಂಜಿನ್ನಿಗೂ ಸ್ವಲ್ಪ ತಗ್ಗು ಅನ್ನುತ್ತೆ.

ಇದಕ್ಕೆಲ್ಲ ಒಂದು ಷರತ್ತಿದೆ. ಯಾವ ಚಕ್ರ ಎಷ್ಟು ವೇಗದಲ್ಲಿ ತಿರುಗ್ತಿದೆ ಅಂತ ಕಾರಿಗೆ ಗೊತ್ತಿರಬೇಕು.

ಅದನ್ನ ತಿಳಿಯುವ ಪ್ರಯತ್ನ ಶುರುವಾಗಿದ್ದು ವಿಮಾನಗಳಲ್ಲಿ. ಇಳಿಯುವಾಗ ಚಕ್ರ ಗಟ್ಟಿಯಾಗಿ ಕಚ್ಚಿಕೊಂಡರೆ ಟೈರು ಸಿಡಿಯುತ್ತೆ, ವಿಮಾನ ಪಕ್ಕಕ್ಕೆ ಜಾರುತ್ತೆ. ಬ್ರಿಟನ್ನಿನ ಡನ್ಲಪ್ ಕಂಪನಿ 1950ರ ದಶಕದಲ್ಲಿ ‘ಮ್ಯಾಕ್ಸಾರೆಟ್’ ಅನ್ನೋ ಸಾಧನ ತಂತು. ಎಲೆಕ್ಟ್ರಾನಿಕ್ಸ್ ಇಲ್ಲ, ಬರೀ ಮೆಕ್ಯಾನಿಕಲ್. ಚಕ್ರ ಒಮ್ಮೆಲೇ ನಿಧಾನವಾದರೆ ಒಳಗಿನ ಫ್ಲೈವೀಲ್ ಇನ್ನೂ ತಿರುಗುತ್ತಾ ಇರುತ್ತೆ, ಆ ವ್ಯತ್ಯಾಸದಿಂದ ಒಂದು ವಾಲ್ವ್ ತೆರೆದು ಬ್ರೇಕ್ ಸಡಿಲವಾಗುತ್ತೆ. 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು ಇದನ್ನ ಒಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಹಾಕಿ ಪರೀಕ್ಷೆ ಮಾಡಿದರು. ಹೌದು, ಎನ್‌ಫೀಲ್ಡ್! ಒದ್ದೆ ರಸ್ತೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಮಾರಾಟದ ಬೈಕಿಗೆ ಬರಲಿಲ್ಲ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಎಲ್ಲ ಬೈಕಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಅರವತ್ತು ವರ್ಷ ತಗೊಂಡು ಅದೇ ಬುಲೆಟ್ ಬಾಗಿಲಿಗೆ ಬಂತು. ಕಾರಿನ ಲೋಕದಲ್ಲಿ 1966ರ ಜೆನ್ಸೆನ್ ಎಫ್‌ಎಫ್ ಅನ್ನೋ ದುಬಾರಿ ಬ್ರಿಟಿಷ್ ಕಾರು ಮ್ಯಾಕ್ಸಾರೆಟ್ ಹಾಕಿಕೊಂಡು ಬಂತು. ಒಟ್ಟು ತಯಾರಾಗಿದ್ದು 320 ಕಾರು. ಅಷ್ಟೇ.

ಅಮೆರಿಕದಲ್ಲಿ 1971ರಲ್ಲಿ ಬ್ಯೂಕ್ ‘ಮ್ಯಾಕ್ಸ್‌ಟ್ರ್ಯಾಕ್’ ಅನ್ನೋದನ್ನ ತಂದಿತು. ಹಿಂದಿನ ಚಕ್ರ ಜಾರಿದರೆ ಎಂಜಿನ್ನಿನ ಕಿಡಿಯನ್ನೇ ತಡೆದು ಶಕ್ತಿ ಇಳಿಸುವ ಉಪಾಯ. ನನ್ನ ಕಾರಿನಲ್ಲಿರೋ ದೀಪದ ಮುತ್ತಜ್ಜ ಅಂದರೆ ಇದೇ. ಕೆಲವೇ ವರ್ಷ ಬಾಳಿತು.

ನನಗೆ ನಿಜವಾಗಿ ನಿದ್ದೆ ಹಾರಿಸಿದ್ದು ಮುಂದಿನ ಅಧ್ಯಾಯ, ಅಮೆರಿಕದ ಲಾರಿಗಳದ್ದು. 1975ರಲ್ಲಿ ಅಲ್ಲಿನ ಸರ್ಕಾರ ಏರ್‌ಬ್ರೇಕ್ ಇರೋ ಹೊಸ ಲಾರಿಗಳಿಗೆ ಒಂದು ನಿಯಮ ತಂದಿತು. ಇಷ್ಟು ದೂರದೊಳಗೆ, ಚಕ್ರ ಕಚ್ಚಿಕೊಳ್ಳದೆ ನಿಲ್ಲಬೇಕು ಅಂತ. ಅಂದರೆ ಆಂಟಿ-ಲಾಕ್ ಹಾಕಲೇಬೇಕು. ಒಳ್ಳೆಯ ಉದ್ದೇಶ. ಆದರೆ ಆಗಿನ ಎಲೆಕ್ಟ್ರಾನಿಕ್ಸ್ ಲಾರಿಯ ಕೆಳಗಿನ ನೀರು, ಉಪ್ಪು, ಅಲುಗಾಟ ತಡೆಯುವಂಥದ್ದಾಗಿರಲಿಲ್ಲ. ಬ್ರೇಕ್ ಹಿಡಿಯಬೇಕಾದಾಗ ಸಡಿಲವಾದ ದೂರುಗಳು ಬಂದವು. ಡ್ರೈವರುಗಳು ನಂಬೋದು ಬಿಟ್ಟು ವೈರು ಕಿತ್ತು ಓಡಿಸತೊಡಗಿದರು. ತಯಾರಕರು ಕೋರ್ಟಿಗೆ ಹೋದರು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ, ಈ ವ್ಯವಸ್ಥೆ ನಂಬಿಕೆಗೆ ಅರ್ಹ ಅಂತ ಸಾಬೀತಾಗಿಲ್ಲ ಅಂತ ನಿಯಮದ ಆ ಭಾಗವನ್ನ ತಳ್ಳಿಹಾಕಿತು.

ಅದೇ 1978ರಲ್ಲಿ ಜರ್ಮನಿಯಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಮಾರುಕಟ್ಟೆಗೆ ಬಂತು. ಮರ್ಸಿಡಿಸ್‌ನವರು ಇದರ ಮೊದಲ ರೂಪವನ್ನ ಪತ್ರಕರ್ತರಿಗೆ ತೋರಿಸಿದ್ದು 1970ರಲ್ಲೇ. ಪ್ರದರ್ಶನ ಚೆನ್ನಾಗಿ ನಡೆದಿತ್ತು, ಮಾರಬಹುದಿತ್ತು. ಮಾರಲಿಲ್ಲ. ಎಂಟು ವರ್ಷ ಕಾದರು. ಮೊದಲ ರೂಪದ ನಿಯಂತ್ರಣ ಪೆಟ್ಟಿಗೆಯಲ್ಲಿ ಸುಮಾರು 1000 ಬಿಡಿಭಾಗ ಇದ್ದವು. ಡಿಜಿಟಲ್ ಚಿಪ್ ಬಂದ ಮೇಲೆ ಅದು 140ಕ್ಕೆ ಇಳಿಯಿತು. ಕೆಡಲು ಸಾಧ್ಯವಿರೋ ಜಾಗಗಳೇ ಕಡಿಮೆಯಾದವು. ಅದಕ್ಕಿಂತ ಮುಖ್ಯ, ಪೆಟ್ಟಿಗೆ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ. ನಾಲ್ಕು ಚಕ್ರದಿಂದ ಬರೋ ಸುದ್ದಿಯಲ್ಲಿ ಒಂದು ಅಸಂಬದ್ಧ ಅನ್ನಿಸಿದರೂ ತಾನೇ ಪಕ್ಕಕ್ಕೆ ಸರಿದು ಬ್ರೇಕನ್ನ ಡ್ರೈವರಿನ ಕಾಲಿಗೆ ಬಿಟ್ಟುಕೊಡುತ್ತೆ. ಸರಿದಿದ್ದೀನಿ ಅಂತ ಹೇಳೋದಕ್ಕೆ ಒಂದು ದೀಪ.

ನಾನು ಅಲ್ಲಿಯವರೆಗೆ ಆ ದೀಪವನ್ನ ‘ಕೆಟ್ಟಿದೆ’ ಅನ್ನೋ ಸೂಚನೆ ಅಂತ ಓದುತ್ತಿದ್ದೆ. ಇತಿಹಾಸ ನೋಡಿದ ಮೇಲೆ ಓದು ಬದಲಾಯಿತು. ಕೆಟ್ಟ ಮಾಹಿತಿಯ ಮೇಲೆ ಬ್ರೇಕಿನ ಜೊತೆ ಆಟ ಆಡೋದಿಲ್ಲ ಅಂತ ಕಾರು ಕೈ ಎತ್ತಿ ಹೇಳ್ತಿದೆ. ಅಮೆರಿಕದ ಆ ಲಾರಿಗಳಿಗೆ ಈ ಗುಣ ಸಾಲದೇ ಹೋಗಿತ್ತು. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋದು ನಮ್ಮ ಮೀಟಿಂಗುಗಳಲ್ಲಿ ಎಷ್ಟು ಜನರಿಗೆ ಬರುತ್ತೆ ಹೇಳಿ! ಇರಲಿ.

ಮುಂದಿನದ್ದು ಬೇಗ ಬೇಗ ನಡೆಯಿತು. ಬ್ರೇಕ್ ಸಡಿಲಿಸೋ ಪೆಟ್ಟಿಗೆಗೆ ಬ್ರೇಕ್ ಹಾಕೋದನ್ನೂ ಕಲಿಸಿದರೆ ಟ್ರಾಕ್ಷನ್ ಕಂಟ್ರೋಲ್. 1980ರ ದಶಕದ ನಡುವೆ ವೋಲ್ವೋ, ಬಾಷ್ ಎರಡೂ ತಂದವು. ಅದೇ ಸೆನ್ಸರ್, ಅದೇ ವಾಲ್ವ್, ಸ್ವಲ್ಪ ಹೆಚ್ಚು ಬುದ್ಧಿ. 1989ರ ಚಳಿಗಾಲದಲ್ಲಿ ಸ್ವೀಡನ್ನಿನಲ್ಲಿ ಮರ್ಸಿಡಿಸ್‌ನ ಎಂಜಿನಿಯರ್ ಫ್ರಾಂಕ್ ವೆರ್ನರ್-ಮೋನ್ ಮಂಜಿನ ರಸ್ತೆಯಲ್ಲಿ ಜಾರಿ ಚರಂಡಿಗೆ ಬಿದ್ದ. ಟೋ ಗಾಡಿಗೆ ಕಾಯುತ್ತಾ ಕೂತಾಗ, ಕಾರು ತಿರುಗೋದನ್ನ ಅಳೆಯೋದಾದರೆ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡಬಹುದಲ್ಲ ಅಂತ ಹೊಳೆಯಿತಂತೆ. ಮೊದಲ ಪ್ರಯೋಗಕ್ಕೆ ಆಟಿಕೆ ಹೆಲಿಕಾಪ್ಟರಿನ ಗೈರೋಸ್ಕೋಪ್ ಕಿತ್ತು ಹಾಕಿದರಂತೆ. ಅದೇ 1995ರಲ್ಲಿ ಇಎಸ್‌ಪಿ ಆಗಿ ಬಂತು. 1997ರ ಅಕ್ಟೋಬರಿನಲ್ಲಿ ಅದೇ ಕಂಪನಿಯ ಪುಟ್ಟ ಎ-ಕ್ಲಾಸ್ ಕಾರು ಸ್ವೀಡನ್ನಿನ ಒಂದು ಪತ್ರಿಕೆಯ ‘ಕಡವೆ ಪರೀಕ್ಷೆ’ಯಲ್ಲಿ, ಅಂದರೆ ಅಡ್ಡ ಬಂದ ಪ್ರಾಣಿಯನ್ನ ತಪ್ಪಿಸುವ ಹಾಗೆ ಸ್ಟೀರಿಂಗ್ ಎಳೆದಾಗ, ಮಗುಚಿತು. ಜಗತ್ತೆಲ್ಲ ನಕ್ಕಿತು. ಕಂಪನಿ ಎಲ್ಲ ಎ-ಕ್ಲಾಸ್ ಕಾರಿಗೂ ಇಎಸ್‌ಪಿ ಹಾಕಿಕೊಟ್ಟಿತು. ಕೋಟ್ಯಧೀಶರ ಸೌಕರ್ಯ ಸಣ್ಣ ಕಾರಿಗೆ ಇಳಿದದ್ದು ಹೀಗೆ, ಅವಮಾನದಿಂದ.

ಸರಿ, ನನ್ನ ಬ್ಲೂಟೂತ್ ಅಡಾಪ್ಟರ್ ಯಾಕೆ ಸುಳ್ಳು ಹೇಳಿತು?

ಅದು ಸುಳ್ಳು ಹೇಳಿರಲಿಲ್ಲ. ಅದರ ವಂಶವೇ ಬೇರೆ. ಓಬಿಡಿ ಸಾಕೆಟ್ ಹುಟ್ಟಿದ್ದು ಬ್ರೇಕಿಗಾಗಿ ಅಲ್ಲ, ಹೊಗೆಗಾಗಿ. ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾ, ಎಂಜಿನ್ನಿನ ಮಾಲಿನ್ಯ ನಿಯಂತ್ರಣ ಭಾಗಗಳು ಕೆಟ್ಟರೆ ಕಾರೇ ಹೇಳಬೇಕು ಅಂತ 1988ರ ಮಾಡೆಲುಗಳಿಂದ ನಿಯಮ ಮಾಡಿತು. 1996ರಿಂದ ಇಡೀ ಅಮೆರಿಕದಲ್ಲಿ ಎಲ್ಲ ಕಾರಿಗೂ ಒಂದೇ ಆಕಾರದ ಸಾಕೆಟ್, ಒಂದೇ ಭಾಷೆಯ ಕೋಡು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ಜೊತೆ 2010ರಲ್ಲಿ ಮೊದಲ ಹಂತ, 2013ರ ಏಪ್ರಿಲಿನಿಂದ ಓಬಿಡಿ-2. ಕಾನೂನು ‘ಎಲ್ಲರಿಗೂ ಓದಲು ಬರಬೇಕು’ ಅಂದದ್ದು ಹೊಗೆಗೆ ಸಂಬಂಧಪಟ್ಟ ಕೋಡುಗಳನ್ನ ಮಾತ್ರ. ಅವು ‘ಪಿ’ ಅಕ್ಷರದಿಂದ ಶುರು. ಬ್ರೇಕು, ಚಕ್ರ, ಸ್ಟೀರಿಂಗಿನ ಕೋಡುಗಳು ‘ಸಿ’ಯಿಂದ ಶುರು. ಅವನ್ನ ಕೇಳುವ ರೀತಿ ಕಂಪನಿಗೊಂದು. ಸಾಕೆಟ್ ಒಂದೇ, ಮನೆ ಎರಡು. ನನ್ನ ಅಗ್ಗದ ಅಡಾಪ್ಟರ್ ಒಂದೇ ಮನೆ ಬಾಗಿಲು ಬಡಿದು ‘ಎಲ್ಲ ಕ್ಷೇಮ’ ಅಂದಿತ್ತು. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುವಾಗ ಇಂಥದ್ದೊಂದನ್ನ ಜೇಬಲ್ಲಿಟ್ಟುಕೊಂಡು ಎದೆ ಉಬ್ಬಿಸಿ ಹೋಗೋ ನನ್ನಂಥವರು ಬಹಳ ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಹೇಳ್ತಿದ್ದೀನಿ.

ರಾತ್ರಿ ಒಂದೂವರೆಗೆ ನನ್ನ ಕೈಲಿ ಎರಡು ಸುಳಿವು ಇದ್ದವು. ಒಂದು, ಕೆಂಪು ಬ್ರೇಕ್ ದೀಪ ಹತ್ತಿಲ್ಲ, ಹಳದಿ ಮಾತ್ರ. ಕೆಂಪು ಬಂದಿದ್ದರೆ ಬ್ರೇಕ್ ಆಯಿಲ್ ಇಳಿದಿರಬಹುದು, ಅಥವಾ ಮುಂದಿನ-ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ಕೆಲಸವೂ ನಿಂತಿರಬಹುದು. ಆಗ ಓಡಿಸಲೇಬಾರದು. ಹಳದಿ ಮಾತ್ರ ಅಂದರೆ ಮಾಮೂಲು ಬ್ರೇಕ್ ಇದೆ, ಹೆಚ್ಚುವರಿ ಬುದ್ಧಿ ಇಲ್ಲ. ನಾನು ಅಪ್ಪನ ಹಳೇ ಗಾಡಿಯಲ್ಲಿ ಡ್ರೈವಿಂಗ್ ಕಲಿತಾಗ ಇದ್ದಷ್ಟೇ ಬ್ರೇಕು. ಎರಡು, ದೀಪ ಕೀ ತಿರುಗಿಸಿದ ತಕ್ಷಣ ಬರ್ತಿಲ್ಲ, ಗಾಡಿ ಓಡಿದ ಮೇಲೆ ಬರ್ತಿದೆ. ಪೆಟ್ಟಿಗೆಯೇ ಸತ್ತಿದ್ದರೆ ಅದು ಚಕ್ರ ತಿರುಗೋವರೆಗೆ ಯಾಕೆ ಕಾಯುತ್ತೆ? ಮೂವತ್ತೈದು ಸಾವಿರದ ಮಾತು ನನಗೆ ಅಲ್ಲಿಗೇ ಅನುಮಾನ ಹುಟ್ಟಿಸಿತು.

ಬೆಳಗ್ಗೆ ಮಳೆ ನಿಂತಿತ್ತು. ತಮ್ಮನಿಗೆ ಎಲ್ಲ ಹೇಳಿದೆ. “ನೀ ಹೇಳು, ಹೋಗೂನೋ ಬ್ಯಾಡೋ?” ಅಂದ. ಹೋಗೋಣ ಅಂದೆ. ಗಂಟೆಗೆ ನಲವತ್ತರ ಮೇಲೆ ಮುಳ್ಳು ಏರಿಸಲಿಲ್ಲ, ಮುಂದಿನ ಗಾಡಿಗೆ ದುಪ್ಪಟ್ಟು ಅಂತರ ಬಿಟ್ಟೆ. ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು, “ಆ ಹಳದಿ ದೀಪ ಯಾಕ ಹತ್ತ್ಯದ?” ಏನಿಲ್ಲಮ್ಮ ಅಂದೆ. ಕಾರು ನನಗಿಂತ ಪ್ರಾಮಾಣಿಕವಾಗಿತ್ತು.

ಡಯಾಲಿಸಿಸ್‌ಗೆ ನಾಲ್ಕು ಗಂಟೆ. ಅಮ್ಮನ ಹತ್ತಿರ ತಮ್ಮನನ್ನ ಬಿಟ್ಟು ನೌಬಾದ್ ಕಡೆಯ ಒಂದು ಗ್ಯಾರೇಜಿಗೆ ಹೋದೆ. ಬೋರ್ಡಿನ ಮೇಲೆ ‘ಸ್ಕ್ಯಾನಿಂಗ್’ ಅಂತ ಬರೆದಿತ್ತು. ಮೇಸ್ತ್ರಿಗೆ ನಲವತ್ತರ ಆಸುಪಾಸು. ನಾನು ರಾತ್ರಿ ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿ, “ಚಾ ಕುಡೀರಿ” ಅಂದ್ರು.

ಅವರ ಸ್ಕ್ಯಾನರ್ ಒಂದು ದಪ್ಪ ಟ್ಯಾಬ್ಲೆಟ್ಟು. ಎರಡನೇ ಮನೆಯ ಬಾಗಿಲೂ ತೆರೆಯುವಂಥದ್ದು. ಎರಡು ನಿಮಿಷದಲ್ಲಿ ಕೋಡು ಬಂತು: ಸಿ0050, ಬಲ ಹಿಂಬದಿ ಚಕ್ರದ ವೇಗದ ಸೆನ್ಸರ್. ಸಿಕ್ತಲ್ಲ, ಸೆನ್ಸರ್ ಬದಲಾಯಿಸಿ ಅಂದೆ. ಅವರು ತಲೆ ಅಲ್ಲಾಡಿಸಿದರು. “ಕೋಡ್ ಓಣಿ ಹೇಳ್ತದ ಸರ್, ಮನಿ ನಂಬರ್ ಹೇಳಂಗಿಲ್ಲ. ಸೆನ್ಸರ್ ಇರಬಹುದು, ವೈರ್ ಇರಬಹುದು, ಬೇರಿಂಗ್ ಇರಬಹುದು. ಸುಮ್ ಸುಮ್ನ ಸಾಮಾನ್ ಹಾಕಿ ನಿಮ್ ರೊಕ್ಕ ಯಾಕ ಹಾಳ್ ಮಾಡ್ಲಿ?”

ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ರಸ್ತೆಗೆ ತಂದರು. ಟ್ಯಾಬ್ಲೆಟ್ಟಿನಲ್ಲಿ ನಾಲ್ಕು ಚಕ್ರದ ವೇಗ ಒಟ್ಟೊಟ್ಟಿಗೆ ಕಾಣುತ್ತಿತ್ತು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಒಂದು ಗುಂಡಿ ಬಂತು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಸೊನ್ನೆ. ಮತ್ತೆ ಇಪ್ಪತ್ತು. ಇನ್ನೊಂದು ಗುಂಡಿ, ಮತ್ತೆ ಸೊನ್ನೆ. ದೀಪ ಹತ್ತಿತು. “ನೋಡ್ರಿ, ಗುಂಡಿ ಬಂದಾಗ ಅಷ್ಟೇ ಹೋಗ್ಲತ್ತದ. ಗಾಡಿ ಕುಣಿದಾಗ ಏನೋ ಬಿಡ್ಲತ್ತದ.” ಇದು ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ ಕಾರು. ಹಿಂದಿನ ಚಕ್ರ ಕೆಟ್ಟರೆ ಟ್ರಾಕ್ಷನ್ ಕಂಟ್ರೋಲಿಗೆ ಏನು ಸಂಬಂಧ ಅಂತ ಕೇಳಿದೆ. ಮುಂದಿನ ಚಕ್ರ ಜಾರ್ತಿದೆ ಅಂತ ತಿಳಿಯೋದು ಹಿಂದಿನ ಚಕ್ರಕ್ಕೆ ಹೋಲಿಸಿ ನೋಡಿದಾಗ. ಹಿಂದಿನವು ಸುಮ್ಮನೆ ಉರುಳುತ್ತವೆ, ನೆಲದ ನಿಜವಾದ ವೇಗ ಗೊತ್ತಿರೋದು ಅವಕ್ಕೇ. ಸಾಕ್ಷಿ ಮಾತು ಬದಲಾಯಿಸಿದರೆ ಪಂಚಾಯ್ತಿ ಮುಂದಕ್ಕೆ ಹಾಕಬೇಕಾಗುತ್ತೆ, ಹಾಗೆ.

ವಾಪಸ್ ಬಂದು ಜಾಕ್ ಹಾಕಿ ಚಕ್ರ ಬಿಚ್ಚಿದರು. ಒಳಗೆಲ್ಲ ಎರೆಮಣ್ಣು, ಹಿಡಿ ಹಿಡಿ ಕಿತ್ತು ತೆಗೆಯುವಷ್ಟು. ತೊಳೆದರು. ಹಳೇ ತರಹದ ಸೆನ್ಸರ್ ಆಗಿದ್ದರೆ ಮೀಟರ್ ಇಟ್ಟು ಪ್ರತಿರೋಧ ಅಳೆದೇ ಅರ್ಧ ಉತ್ತರ ಸಿಗುತ್ತಿತ್ತಂತೆ. ಈಗಿನವು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದ ಮೇಲೆ ಕೆಲಸ ಮಾಡೋ ಪುಟ್ಟ ಚಿಪ್ಪು. ಬೇರಿಂಗಿನ ಸೀಲಿನಲ್ಲೇ ಉತ್ತರ-ದಕ್ಷಿಣ ಅಂತ ಸಾಲಾಗಿ ಅಯಸ್ಕಾಂತ ಕೂರಿಸಿರ್ತಾರೆ, ಅವು ಮುಂದೆ ಹಾದುಹೋದ ಹಾಗೆ ಚಿಪ್ಪು ಎಣಿಸುತ್ತೆ. ಮೇಸ್ತ್ರಿ ಚಕ್ರದ ಹಬ್ಬನ್ನ ಕೈಯಲ್ಲಿ ಸವಕಾಶ ತಿರುಗಿಸಿದರು, ಟ್ಯಾಬ್ಲೆಟ್ಟಿನಲ್ಲಿ ಮೂರು, ನಾಲ್ಕು ಅಂತ ವೇಗ ಬಂತು. ಹಾಗೆ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ಸೆನ್ಸರಿನ ವೈರನ್ನ ಮೇಲಿಂದ ಕೆಳಗೆ ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದರು.

ನೌಬಾದಿನಲ್ಲಿ ನೆಲದಡಿ ನೀರು ಹರಿಯುವ ಹಳೇ ಕರೇಜ್ ಇದೆ, ಬಹಮನಿಗಳ ಕಾಲದ್ದು, ಊರಿನವರ ಬಾಯಲ್ಲಿ ಸುರಂಗ ಬಾವಿ. ನೆಲದ ಮೇಲಿಂದ ಸುರಂಗಕ್ಕೆ ಸಾಲಾಗಿ ಬಾವಿಗಳನ್ನ ಇಳಿಸಿದ್ದಾರೆ. ಗಾಳಿಗೂ ಆಯ್ತು, ಹೂಳು ಎಲ್ಲಿ ಕಟ್ಟಿದೆ ಅಂತ ಒಂದೊಂದರಲ್ಲೂ ಇಳಿದು ನೋಡೋದಕ್ಕೂ ಆಯ್ತು. ಮೇಸ್ತ್ರಿ ಮಾಡ್ತಿದ್ದ ಕೆಲಸ ನೋಡಿ ನನಗೆ ಅದು ನೆನಪಾಯ್ತು. ಐದುನೂರು ವರ್ಷದ ಹಿಂದೆಯೂ ಬೀದರಿನಲ್ಲಿ ದೋಷ ಹುಡುಕೋ ವಿಧಾನ ಇದೇ.

ಶಾಕ್ ಅಬ್ಸಾರ್ಬರ್ ಹತ್ತಿರ ಕೈ ಬಂದಾಗ ವೇಗ ಸೊನ್ನೆಯಾಯ್ತು. ಬಿಟ್ಟರೆ ನಾಲ್ಕು. ಒತ್ತಿದರೆ ಸೊನ್ನೆ.

ಅಲ್ಲಿ ವೈರನ್ನ ಹಿಡಿದಿಡಬೇಕಿದ್ದ ಪ್ಲಾಸ್ಟಿಕ್ ಕ್ಲಿಪ್ ಇರಲಿಲ್ಲ. ಜೋತುಬಿದ್ದ ವೈರು ಲೋಹಕ್ಕೆ ಉಜ್ಜಿ ಉಜ್ಜಿ ಹೊದಿಕೆ ಸವೆದು, ಒಳಗಿನ ತಾಮ್ರ ಹಸಿರಾಗಿತ್ತು. ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಉಳಿದಿದ್ದವು. “ಈ ಶಾಕ್ ಹೊಸದದ” ಅಂದ್ರು ಮೇಸ್ತ್ರಿ. ಎಡಗಡೆಯದ್ದು ನೋಡಿದರು. ಅದು ಹಳೇದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಗಡೆಯ ಚಕ್ರದ ಮೇಲಿನ ತಗಡಿನ ಮೇಲೆ ಬೆರಳು ಓಡಿಸಿದರು. “ಈ ಕಡಿಯಿಂದ ಬಡಿಸ್ಕೊಂಡದ ಸರ್ ಗಾಡಿ. ಬಣ್ಣಾನೂ ಮಾಡ್ಯಾರ.”

ಕೊಳ್ಳುವಾಗ ನಾನು ಕೇಳಿದ್ದೆ. ಒಂದು ಗೀರೂ ಬಿದ್ದಿಲ್ಲ ಅಂದಿದ್ದರು. ಸರ್ವಿಸ್ ಪುಸ್ತಕದಲ್ಲಿ ಇಲ್ಲ, ಇನ್ಶೂರೆನ್ಸ್ ಕಾಗದದಲ್ಲಿ ಇಲ್ಲ. ಕಾರಿನ ಆ ಇತಿಹಾಸ ಉಳಿದಿದ್ದದ್ದು ಯಾರೋ ಅವಸರದಲ್ಲಿ ಹಾಕದೆ ಬಿಟ್ಟ ಒಂದು ಕ್ಲಿಪ್ಪಿನ ಜಾಗದಲ್ಲಿ, ಮತ್ತು ಆ ದೀಪದಲ್ಲಿ. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆಮೇಲೆ, ಇಷ್ಟಾದರೂ ಈ ಕಾರಿನಲ್ಲಿ ದೀಪ ಉಳಿಸಿದ್ದಾರಲ್ಲ ಅನ್ನಿಸ್ತು. ದೀಪದ ಬಲ್ಬ್ ಕಿತ್ತು, ಕಪ್ಪು ಟೇಪು ಹಚ್ಚಿ ಮಾರೋರೂ ಇದ್ದಾರೆ. ಅದಕ್ಕೇ ಕಾರು ನೋಡುವಾಗ ಮೊದಲು ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ. ಎಬಿಎಸ್, ಟ್ರಾಕ್ಷನ್, ಏರ್‌ಬ್ಯಾಗ್ ದೀಪಗಳೆಲ್ಲ ಒಂದು ಸಲ ಹತ್ತಿ ಆರಬೇಕು. ಹತ್ತದ ದೀಪ ಹತ್ತಿದ ದೀಪಕ್ಕಿಂತ ಕೆಟ್ಟದ್ದು. ಮತ್ತೆ, ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಇನ್ನೂ ಕೆಲವು ವರ್ಷ 2019ಕ್ಕಿಂತ ಮುಂಚಿನ ಕಾರುಗಳು ಸಿಗುತ್ತಿರುತ್ತವೆ. ಎಬಿಎಸ್ ಹೊಸ ಮಾಡೆಲುಗಳಿಗೆ ಕಡ್ಡಾಯವಾದದ್ದು 2018ರ ಏಪ್ರಿಲಿನಲ್ಲಿ, ಎಲ್ಲ ಹೊಸ ಕಾರಿಗೆ 2019ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದಿನದ್ದಾದರೆ ಒಂದೇ ಹೆಸರಿನ ಕಾರಿನಲ್ಲಿ ಮೇಲಿನ ವೇರಿಯಂಟಿಗೆ ಇದೆ, ಕೆಳಗಿನದಕ್ಕೆ ಇಲ್ಲ. ಬರೀ ಹೆಸರು ನೋಡಿ ಕೊಳ್ಳಬೇಡಿ.

ಮೇಸ್ತ್ರಿ ಕೆಟ್ಟ ತುಂಡು ಕತ್ತರಿಸಿ, ಎರಡೂ ಎಳೆ ಬೆಸುಗೆ ಹಾಕಿ, ಮೇಲೆ ಕುಗ್ಗುವ ಕೊಳವೆ ತೊಡಿಸಿ, ನೀರು ಹೋಗದ ಹಾಗೆ ಮುಚ್ಚಿದರು. ಕ್ಲಿಪ್ ಸಿಗಲಿಲ್ಲ, ಎರಡು ಟೈ ಹಾಕಿ ಬಿಗಿದರು. “ಇದ್ ಮಳಿಗಾಲ ದಾಟ್ತದ. ದಸರಾದಾಗ ಹೊಸ ಸೆನ್ಸರ್, ವೈರ್ ಸಮೇತ ಹಾಕ್ಸ್ರಿ. ಎಡಗಡಿ ಶಾಕೂ ಹಾಕ್ಸ್ರಿ, ಒಂದ್ ಹೊಸದು ಒಂದ್ ಹಳೇದು ಇರಬಾರ್ದು.” ಕೋಡು ಅಳಿಸಿ ಮತ್ತೆ ಅದೇ ಗುಂಡಿಗಳ ಮೇಲೆ ಹಾಯಿಸಿದರು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ನಾನೂರು ರೂಪಾಯಿ ತಗೊಂಡರು. ಐನೂರು ಕೊಟ್ಟರೆ ನೂರು ವಾಪಸ್ ಕೊಟ್ಟರು.

ಆಸ್ಪತ್ರೆಗೆ ಮುಟ್ಟಿದಾಗ ಅಮ್ಮನಿಗೆ ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ತಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬಡಿಸಿಕೊಂಡ ವಿಷಯ ಹೇಳಿದೆ. “ಈಗ ಸರಿ ಆಗ್ಯದಲ್ಲ?” ಅಂದ. ಆಗ್ಯದ ಅಂದೆ. “ಮತ್ತ ಬಿಡು.”

ಬರುವಾಗ ಅವನೇ ಓಡಿಸಿದ. ಅಮ್ಮ ಹಿಂದೆ ಕಾಲು ಚಾಚಿ ಮಲಗಿದ್ದಳು. ಮಳೆ ಮತ್ತೆ ಶುರುವಾಗಿತ್ತು. ಊರೊಳಗೆ ನಮ್ಮ ಓಣಿಗೆ ಏರುವ ಜಾಗದಲ್ಲಿ ಟ್ರ್ಯಾಕ್ಟರುಗಳು ಹೊಲದಿಂದ ತಂದ ರಾಡಿ ರಸ್ತೆ ತುಂಬ ಹರಡಿತ್ತು. ಎಡಚಕ್ರ ಅದರ ಮೇಲೆ ಹೋಗಿ ಒಂದು ಕ್ಷಣ ಜಾರಿತು, ಕೆಳಗಿನಿಂದ ಟರ್ರ್ ಅಂತ ಸದ್ದು ಬಂತು, ಹಳದಿ ದೀಪ ಪಕಪಕ ಎರಡು ಸಲ ಮಿನುಗಿತು. ತಮ್ಮ ಗಾಬರಿಯಾಗಿ ಕಾಲು ತೆಗೆದ.

“ಮತ್ತ ಹತ್ತ್ತಲ್ಲೋ!”

“ಹತ್ತಿಲ್ಲ, ಮಿನುಗ್ಯದ” ಅಂದೆ. “ಈಗ ಕೆಲಸ ಮಾಡ್ಲತ್ತದ. ನಡಿ.”